ಹುಕ್ಕಾದ ವಯಸ್ಸಿಗೆ ಗಡಿ ಹಾಕಿಕೊಟ್ಟ ಸಂಗೀತಪ್ರಿಯ ಅರಸ: ಎರಡನೇ ಇಬ್ರಾಹಿಂ ಆದಿಲ್‌ಶಾಹ

ಹಳೆಯ ಮನೆಯ ಅಟ್ಟದಿಂದಲೋ ಅಜ್ಜನ ಪೆಟ್ಟಿಗೆಯಿಂದಲೋ ಹುಕ್ಕಾ ಇಲ್ಲವೇ ಧೂಮಪಾನದ ಪೈಪು ಹೊರಬಿದ್ದರೆ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಇದು ಎಷ್ಟು ವರ್ಷ ಹಳೆಯದು? ಬೀದರ್‌ನ ಕುಶಲಕರ್ಮಿಗಳ ಓಣಿಯಿಂದ ಹಿಡಿದು ಉತ್ತರ ಕನ್ನಡ ಜಿಲ್ಲೆ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯವರೆಗೆ ಈ ಪ್ರಶ್ನೆಗೆ ಸಿಗುವ ಉತ್ತರಗಳು ಬಹುಪಾಲು ಬಾಯಿಮಾತಿನವು. ಮಾರುವವರು ವಸ್ತುವನ್ನು ವಿಜಯನಗರ ಕಾಲಕ್ಕೆ ಒಯ್ಯುತ್ತಾರೆ. ಮನೆಯವರು ಮುತ್ತಜ್ಜನ ಹೆಸರು ಹೇಳುತ್ತಾರೆ. ವಸ್ತುವಿನ ಮೇಲೆ ಮಾತ್ರ ಇಸವಿ ಇರುವುದಿಲ್ಲ.

ಆದರೆ ಈ ಅಂದಾಜಿಗೆ ಒಂದು ಗಡಿರೇಖೆ ಇದೆ. ಆ ರೇಖೆಯ ಆಚೆಗೆ ತಂಬಾಕಿನ ಯಾವುದೇ ಪೈಪನ್ನು ಒಯ್ಯಲು ಚರಿತ್ರೆ ಒಪ್ಪುವುದಿಲ್ಲ. ಆ ರೇಖೆ ಹಾದುಹೋಗುವುದು ಕರ್ನಾಟಕದ ನೆಲದಲ್ಲಿಯೇ. ಅದು ಬಿಜಾಪುರದ ಆರನೇ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆಯ ಕಾಲ.

ಹೊಗೆಸೊಪ್ಪು ಅಮೆರಿಕ ಖಂಡದ ಸಸ್ಯ. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪುವ ಮುನ್ನ ಏಷ್ಯಾದ ಜನ ಅದನ್ನು ಕಂಡಿರಲಿಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಅದು 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದಿತು. ಭಾರತದಲ್ಲಿ ತಂಬಾಕಿನ ಪೈಪನ್ನು ಕಣ್ಣಾರೆ ಕಂಡು, ಅದರ ಒಂದೊಂದು ಭಾಗವನ್ನೂ ವರ್ಣಿಸಿ ಬರೆದಿಟ್ಟ ಅತ್ಯಂತ ಹಳೆಯ ವಿವರಗಳಲ್ಲಿ ಪ್ರಸಿದ್ಧವಾದುದು ಬಿಜಾಪುರಕ್ಕೆ ಸಂಬಂಧಿಸಿದ್ದು. ಅದರ ಕಾಲ 1603–04. ಆಗ ಬಿಜಾಪುರದ ಗದ್ದುಗೆಯ ಮೇಲಿದ್ದವನು ಇಬ್ರಾಹಿಂ. ಆದ್ದರಿಂದ ಹುಕ್ಕಾದ ವಯಸ್ಸು ತಿಳಿಯಬೇಕೆನ್ನುವವರು ಮೊದಲು ಈ ಅರಸನ ಬದುಕನ್ನು ತಿಳಿಯಬೇಕಾಗುತ್ತದೆ.

ಒಂಬತ್ತರ ಬಾಲಕನಿಗೆ ಗದ್ದುಗೆ

ಇಬ್ರಾಹಿಂ ನೇರವಾಗಿ ಪಟ್ಟಕ್ಕೆ ಹುಟ್ಟಿದವನಲ್ಲ. 1580ರಲ್ಲಿ ಮೊದಲನೇ ಅಲಿ ಆದಿಲ್‌ಶಾಹ ಕೊಲೆಯಾದಾಗ ಅವನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮ ತಹಮಾಸ್ಪನ ಮಗ ಇಬ್ರಾಹಿಂನಿಗೆ ಪಟ್ಟ ಕಟ್ಟಲಾಯಿತು. ಆಗ ಬಾಲಕನಿಗೆ ಸುಮಾರು ಒಂಬತ್ತು ವರ್ಷ. ಅಲಿಯ ವಿಧವೆ ಚಾಂದಬೀಬಿ ಹುಡುಗನ ಪಾಲನೆಯ ಹೊಣೆ ಹೊತ್ತಳು. ಮುಂದೆ ಅಹಮದ್‌ನಗರದ ಕೋಟೆಯನ್ನು ಮೊಗಲರ ವಿರುದ್ಧ ಕಾದು ಹೆಸರಾದವಳು ಈಕೆಯೇ.

ಬಾಲಕ ಅರಸನ ಹೆಸರಿನಲ್ಲಿ ಆಳಲು ಸರದಾರರ ನಡುವೆ ಪೈಪೋಟಿ ಆರಂಭವಾಯಿತು. ಮೊದಲು ಕಾಮಿಲ್ ಖಾನ್, ಅವನ ಹಿಂದೆ ಕಿಶ್ವರ್ ಖಾನ್ ಅಧಿಕಾರ ಹಿಡಿದರು. ಕಿಶ್ವರ್ ಖಾನ್ ಚಾಂದಬೀಬಿಯನ್ನೇ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟ. ಅವನನ್ನು ಓಡಿಸಿ ರಾಣಿಯನ್ನು ಬಿಡಿಸಿದವರು ಹಬ್ಶಿ ಸರದಾರರು, ಅಂದರೆ ಆಫ್ರಿಕಾ ಮೂಲದ ಸೇನಾನಿಗಳು. ಅವರ ಮುಖಂಡ ಇಖ್ಲಾಸ್ ಖಾನ್. ಅನಂತರ ಇನ್ನೊಬ್ಬ ಹಬ್ಶಿ ಸರದಾರ ದಿಲಾವರ್ ಖಾನ್ ಇಖ್ಲಾಸ್ ಖಾನನನ್ನೂ ಮೂಲೆಗೊತ್ತಿ, 1582ರಿಂದ ಸುಮಾರು ಎಂಟು ವರ್ಷ ರಾಜ್ಯದ ಲಗಾಮನ್ನು ತನ್ನ ಕೈಯಲ್ಲಿ ಹಿಡಿದ.

ಇಂದು ಸಾಂಬ್ರಾಣಿ ಸೇರಿದಂತೆ ಹಳಿಯಾಳ, ಮುಂಡಗೋಡ, ಯಲ್ಲಾಪುರ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯವನ್ನು ನೋಡುವವರು ಅವರ ಹಿರಿಯರ ಗುಲಾಮಗಿರಿಯ ಕಥೆಯನ್ನು ಮಾತ್ರ ನೆನೆಯುತ್ತಾರೆ. ಗೋವಾದ ಪೋರ್ಚುಗೀಸರ ಸೆರೆಯಿಂದ ತಪ್ಪಿಸಿಕೊಂಡು ಅನೇಕರು ಈ ಕಾಡುಗಳಿಗೆ ಬಂದರೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಅದೇ ಆಫ್ರಿಕಾದಿಂದ ಬಂದ ಬೇರೆ ಕೆಲವರು ದಖ್ಖನಿನಲ್ಲಿ ರಾಜ್ಯವನ್ನೇ ನಡೆಸಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿಯದು. ಇಬ್ರಾಹಿಂನ ಬಾಲ್ಯ ಕಳೆದದ್ದು ಅಂಥವರ ಹಿಡಿತದಲ್ಲಿ.

1590ರ ಸುಮಾರಿಗೆ, ಇಪ್ಪತ್ತು ತುಂಬುವ ಹೊತ್ತಿಗೆ, ಇಬ್ರಾಹಿಂ ದಿಲಾವರ್ ಖಾನನನ್ನು ಹೊರಹಾಕಿ ಅಧಿಕಾರವನ್ನು ಸ್ವತಃ ವಹಿಸಿಕೊಂಡ. ಕೆಲವೇ ವರ್ಷಗಳಲ್ಲಿ ಬೆಳಗಾವಿಯ ಕೋಟೆಯಲ್ಲಿ ಸೆರೆಯಲ್ಲಿದ್ದ ಅವನ ಸೋದರ ಇಸ್ಮಾಯಿಲ್ ಬಂಡೆದ್ದ. ಆ ದಂಗೆಯನ್ನೂ ಅಡಗಿಸಲಾಯಿತು. ಹೀಗೆ ಹದಿನೈದು ವರ್ಷ ಕೊಲೆ, ಸೆರೆ, ಸಂಚುಗಳ ನಡುವೆ ಬೆಳೆದ ತರುಣ ಆಮೇಲೆ ಹೆಸರಾದದ್ದು ಯುದ್ಧಕ್ಕಲ್ಲ, ಸಂಗೀತಕ್ಕೆ.

ನವರಸದ ಅರಸ

ಇಬ್ರಾಹಿಂ ದಖ್ಖನಿ ಭಾಷೆಯಲ್ಲಿ ಹಾಡುಗಳನ್ನು ರಚಿಸಿದ. ರಾಗಗಳಿಗೆ ಹೊಂದಿಸಿ ಬರೆದ ಆ ಹಾಡುಗಳ ಸಂಗ್ರಹವೇ ‘ಕಿತಾಬ್-ಇ-ನವರಸ್’. ಮುಸ್ಲಿಂ ಅರಸನೊಬ್ಬನ ಈ ಕೃತಿಯಲ್ಲಿ ಸರಸ್ವತಿ ಮತ್ತು ಗಣಪತಿಯ ಸ್ತುತಿ ಇದೆ. ಸೂಫಿ ಸಂತ ಬಂದೇನವಾಜರ ಸ್ಮರಣೆಯೂ ಇದೆ. ಪ್ರಜೆಗಳು ಅವನನ್ನು ಜಗದ್ಗುರು ಎಂದು ಕರೆದರು. ತನ್ನ ತಂಬೂರಿಗೆ ಅವನು ಮೋತಿಖಾನ್ ಎಂಬ ಹೆಸರಿಟ್ಟಿದ್ದ. ಮೆಚ್ಚಿನ ಆನೆ ಆತಶ್ ಖಾನ್‌ನ ಹೆಸರೂ ಚರಿತ್ರೆಯಲ್ಲಿ ಉಳಿದಿದೆ.

ನವರಸ ಎಂಬ ಪದದ ಮೇಲೆ ಅವನಿಗೆ ಅಪಾರ ಮೋಹ. 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ, ತೊರವಿಯ ಹತ್ತಿರ ಕಟ್ಟಲಾರಂಭಿಸಿದ ಹೊಸ ಪಟ್ಟಣಕ್ಕೂ ನವರಸಪುರ ಎಂದೇ ಹೆಸರಿಟ್ಟ. ಗಾಯಕರು, ವಾದಕರು, ಕವಿಗಳು ಅಲ್ಲಿ ನೆಲೆಸಬೇಕೆಂಬುದು ಅವನ ಆಸೆಯಾಗಿತ್ತು. ಇಂದಿಗೂ ಅಲ್ಲಿ ಸಂಗೀತ ಮಹಲಿನ ಅವಶೇಷಗಳಿವೆ.

ಪರ್ಷಿಯಾದಿಂದ ಬಂದ ಕವಿ ಜುಹೂರಿ, ಇತಿಹಾಸಕಾರ ಫೆರಿಸ್ತಾ, ಚಿತ್ರಕಾರ ಫರೂಖ್ ಬೇಗ್ ಮೊದಲಾದವರಿಗೆ ಅವನ ಆಸ್ಥಾನ ಆಸರೆಯಾಯಿತು. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಕಾರ್ನೆಲಿಸ್ ಹೆಡಾ ಎಂಬ ಚಿತ್ರಕಾರನೂ ಬಿಜಾಪುರಕ್ಕೆ ಬಂದು ಸೇವೆಯಲ್ಲಿದ್ದ. ಸಮುದ್ರದಾಚೆಯ ಜನ, ಸಮುದ್ರದಾಚೆಯ ಸರಕು ಎರಡೂ ಗೋವಾ ಮತ್ತು ಕೊಂಕಣದ ಬಂದರುಗಳ ಮೂಲಕ ಈ ರಾಜಧಾನಿಗೆ ಹರಿದುಬರುತ್ತಿದ್ದವು. ಹೊಗೆಸೊಪ್ಪು ಬಂದದ್ದೂ ಇಂಥ ಹರಿವಿನಲ್ಲಿಯೇ.

ಅಕ್ಬರನ ರಾಯಭಾರಿ ಬಂದ ದಿನಗಳು

ಉತ್ತರದಲ್ಲಿ ಮೊಗಲ್ ಚಕ್ರವರ್ತಿ ಅಕ್ಬರನ ಬಲ ದಖ್ಖನಿನತ್ತ ಚಾಚಿತ್ತು. 1600ರಲ್ಲಿ ಅಹಮದ್‌ನಗರದ ಕೋಟೆ ಬಿತ್ತು. ಚಾಂದಬೀಬಿ ಕೊಲೆಯಾದಳು. 1601ರಲ್ಲಿ ಖಾನದೇಶದ ಅಸೀರಗಢವೂ ಮೊಗಲರ ವಶವಾಯಿತು. ಮುಂದಿನ ಸರದಿ ಬಿಜಾಪುರದ್ದೇ ಎಂಬ ಆತಂಕ ಸಹಜವಾಗಿತ್ತು. ಸಂಬಂಧ ಬೆಳೆಸಿ ಅಪಾಯವನ್ನು ದೂರವಿಡುವ ಸಲುವಾಗಿ ಇಬ್ರಾಹಿಂ ತನ್ನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡಲು ಒಪ್ಪಿದ.

ಮದುವಣಗಿತ್ತಿಯನ್ನು ಕರೆತರಲು ಹೋಗಿದ್ದ ಮೊಗಲ್ ರಾಯಭಾರಿ ಜಮಾಲುದ್ದೀನ್ ಹುಸೇನ್ ಇಂಜೂ ಬಿಜಾಪುರದಲ್ಲಿ ಕಾಲ ಕಳೆಯುತ್ತಲೇ ಇದ್ದ. ಅವನನ್ನು ಎಚ್ಚರಿಸಿ ಕೆಲಸ ಮುಗಿಸಲು 1603ರಲ್ಲಿ ಅಕ್ಬರ ಆಸದ್ ಬೇಗ್ ಎಂಬವನನ್ನು ಕಳುಹಿಸಿದ. ಆಸದ್ ಬೇಗ್ ಮೊದಲು ಅಬುಲ್ ಫಜಲನ ಸೇವೆಯಲ್ಲಿದ್ದವನು. 1602ರಲ್ಲಿ ಅಬುಲ್ ಫಜಲ್ ಕೊಲೆಯಾದ ಮೇಲೆ ಚಕ್ರವರ್ತಿಯ ಸೇವೆಗೆ ಸೇರಿದ್ದ. ತಾನು ಕಂಡದ್ದನ್ನೆಲ್ಲ ಬರೆದಿಡುವುದು ಅವನ ಅಭ್ಯಾಸ. ಆ ಅಭ್ಯಾಸದಿಂದಲೇ ಬಿಜಾಪುರದ ಅಂದಿನ ಬದುಕಿನ ಅಪರೂಪದ ನೋಟವೊಂದು ಇಂದಿಗೆ ಉಳಿದುಬಂದಿದೆ.

ಅವನ ಬರಹದಲ್ಲಿ ಬಿಜಾಪುರದ ಪೇಟೆ ಅಗಲವಾದ ಉದ್ದನೆಯ ಬೀದಿಯಾಗಿ ಕಾಣುತ್ತದೆ. ಅಂಗಡಿಗಳ ಮುಂದೆ ಹಸಿರು ಮರಗಳು, ಒಳಗೆ ಒಡವೆ, ಆಯುಧ, ಬಟ್ಟೆ, ಸುಗಂಧ. ಸುಲ್ತಾನನ ಭೇಟಿಯ ವಿವರವೂ ಅಲ್ಲಿದೆ. ಇಬ್ರಾಹಿಂ ಪರ್ಷಿಯನ್ನಿಗಿಂತ ಮರಾಠಿಯಲ್ಲಿ ಸರಾಗವಾಗಿ ಮಾತನಾಡುತ್ತಿದ್ದ. ರಾಜಕೀಯದ ಮಾತಿಗಿಂತ ಸಂಗೀತದ ಮಾತೇ ಅವನಿಗೆ ಹೆಚ್ಚು ಹಿತವಾಗಿತ್ತು. ಅಕ್ಬರನ ಎದುರು ತಾನಸೇನ್ ನಿಂತು ಹಾಡುತ್ತಿದ್ದನೋ ಕುಳಿತು ಹಾಡುತ್ತಿದ್ದನೋ ಎಂದು ಅವನು ರಾಯಭಾರಿಯನ್ನು ವಿಚಾರಿಸಿದ. ಮಗಳ ಮದುವೆ, ರಾಜ್ಯದ ಉಳಿವು ತೂಗುಯ್ಯಾಲೆಯಲ್ಲಿದ್ದ ಸಮಯದಲ್ಲೂ ಕಲಾವಿದನಿಗೆ ಸಲ್ಲುವ ಮರ್ಯಾದೆಯನ್ನು ಕೇಳಿ ತಿಳಿಯುವಷ್ಟು ಅವನ ಮನಸ್ಸು ಅತ್ತ ವಾಲಿತ್ತು.

ಮೂರು ಮೊಳದ ನಳಿಗೆ

ಬಿಜಾಪುರದಲ್ಲಿಯೇ ಆಸದ್ ಬೇಗ್ ಮೊದಲ ಬಾರಿಗೆ ತಂಬಾಕನ್ನು ಕಂಡ. ಉತ್ತರ ಭಾರತದಲ್ಲಿ ಎಲ್ಲಿಯೂ ಅದನ್ನು ಕಾಣದಿದ್ದ ಅವನು ಚಕ್ರವರ್ತಿಗೆ ಹೊಸ ಕಾಣಿಕೆಯಾದೀತೆಂದು ಸಾಕಷ್ಟು ತಂಬಾಕನ್ನೂ ಪೈಪುಗಳನ್ನೂ ಕೊಂಡ. ಅಕ್ಬರನಿಗಾಗಿ ವಿಶೇಷವಾದ ಒಂದು ಪೈಪನ್ನು ಸಿದ್ಧಪಡಿಸಿದ.

ಅದರ ನಳಿಗೆ ಮೂರು ಮೊಳ ಉದ್ದ. ಅದು ಸುಮಾತ್ರಾ ದ್ವೀಪದ ಅಚೆಯಲ್ಲಿ ತಯಾರಾದದ್ದು. ಒಣಗಿಸಿ ಬಣ್ಣ ಕೊಟ್ಟು, ಎರಡೂ ತುದಿಗಳಿಗೆ ರತ್ನ ಹಾಗೂ ಮೀನಾಕಾರಿಯ ಅಲಂಕಾರ ಮಾಡಲಾಗಿತ್ತು. ಬಾಯಿಗಿಡುವ ತುದಿ ಯೆಮನ್ ದೇಶದ ಅಕೀಕ ಕಲ್ಲಿನದು. ಕೆಂಡದ ಬಟ್ಟಲು ಚಿನ್ನದ್ದು. ಸುಲ್ತಾನ ಇಬ್ರಾಹಿಂ ರಾಯಭಾರಿಗೆ ಉಡುಗೊರೆಯಾಗಿ ಕೊಟ್ಟಿದ್ದ ಎಲೆಯಡಿಕೆಯ ಸಂಚಿಯೊಳಗೆ ಉತ್ತಮ ತಂಬಾಕನ್ನು ತುಂಬಲಾಯಿತು. ನಳಿಗೆಯನ್ನು ಇಡಲು ಬೆಳ್ಳಿಯ ಕೊಳವೆ, ಅದರ ಮೇಲೆ ನೇರಳೆ ಬಣ್ಣದ ಮಖಮಲ್ಲಿನ ಹೊದಿಕೆ. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಲಾಯಿತು.

ಹಳೆಯ ಪೈಪಿನ ವಯಸ್ಸನ್ನು ಅಂದಾಜಿಸುವವರಿಗೆ ಈ ವಿವರ ಹಲವು ಸಂಗತಿಗಳನ್ನು ತಿಳಿಸುತ್ತದೆ. ಬಿಜಾಪುರದಲ್ಲಿ 1603ರ ಹೊತ್ತಿಗೆ ಪೈಪುಗಳು ಕೊಳ್ಳಲು ಸಿಗುತ್ತಿದ್ದವು. ಅಂದರೆ ಹೊಗೆಸೊಪ್ಪು ಅಲ್ಲಿಗೆ ಕೆಲವು ವರ್ಷ ಮೊದಲೇ ತಲುಪಿತ್ತು. ಸುಮಾತ್ರಾದ ನಳಿಗೆ, ಯೆಮನ್ನಿನ ಕಲ್ಲು ಒಂದೇ ವಸ್ತುವಿನಲ್ಲಿ ಕೂಡಿದ್ದವು. ಒಂದು ಭಾಗದ ಮೂಲ ತಿಳಿದರೆ ಇಡೀ ವಸ್ತುವಿನ ಮೂಲ ತಿಳಿದಂತಾಗದು. ಇನ್ನೂ ಮುಖ್ಯವಾದ ಸಂಗತಿ, ಈ ವರ್ಣನೆಯಲ್ಲಿ ನೀರಿನ ಪಾತ್ರೆಯ ಪ್ರಸ್ತಾಪವಿಲ್ಲ. ಇದು ಉದ್ದ ನಳಿಗೆಯ ಪೈಪು. ನೀರಿನ ಬುರುಡೆಯ ಹುಕ್ಕಾವನ್ನು ಈ ವರ್ಣನೆಯಲ್ಲಿ ಹುಡುಕುವಂತಿಲ್ಲ.

ಆಗ್ರಾದಲ್ಲಿ ನಡೆದ ಚರ್ಚೆ

1604ರಲ್ಲಿ ಆಸದ್ ಬೇಗ್ ಮರಳಿದ. ಮದುವಣಗಿತ್ತಿಯ ದಿಬ್ಬಣದ ಜೊತೆ ಇತಿಹಾಸಕಾರ ಫೆರಿಸ್ತಾನೂ ಹೊರಟಿದ್ದ. ಗೋದಾವರಿ ತೀರದ ಪೈಠಣದಲ್ಲಿ ವಿವಾಹ ನಡೆಯಿತು. ಆದರೆ ಆ ಸಂಬಂಧ ಹೆಚ್ಚು ಕಾಲ ಬಾಳಲಿಲ್ಲ. ಕುಡಿತಕ್ಕೆ ದಾಸನಾಗಿದ್ದ ದಾನಿಯಾಲ್ ಮರುವರ್ಷವೇ ತೀರಿಕೊಂಡ. ಬಿಜಾಪುರದಿಂದ ಹೊರಟ ಮದುವಣಗಿತ್ತಿಗಿಂತ ಬಿಜಾಪುರದಿಂದ ಹೊರಟ ಹೊಗೆಸೊಪ್ಪೇ ಉತ್ತರದಲ್ಲಿ ಬೇರೂರಿತು.

ಆಗ್ರಾದಲ್ಲಿ ಕಾಣಿಕೆಗಳನ್ನು ನೋಡುತ್ತಿದ್ದ ಅಕ್ಬರ ಪೈಪನ್ನು ಕಂಡು ಇದೇನೆಂದು ಕೇಳಿದ. ಮಕ್ಕಾ, ಮದೀನಾಗಳಲ್ಲಿ ಪ್ರಸಿದ್ಧವಾದ ತಂಬಾಕು ಇದು ಎಂದು ಸರದಾರ ಖಾನ್-ಇ-ಆಜಮ್ ತಿಳಿಸಿದ. ಚಕ್ರವರ್ತಿ ಸೇದಲು ಮುಂದಾದಾಗ ಆಸ್ಥಾನದ ವೈದ್ಯ ತಡೆದ. ಆದರೂ ಅಕ್ಬರ ಎರಡು ಮೂರು ಬಾರಿ ಸೇದಿದ. ಪರೀಕ್ಷಿಸದ ವಸ್ತುವನ್ನು ಬಳಸಬಾರದೆಂಬುದು ವೈದ್ಯನ ವಾದ. ಯುರೋಪಿನ ತಿಳಿದವರು ಪರೀಕ್ಷಿಸದೆ ಅದನ್ನು ಬಳಕೆಗೆ ತಂದಿರಲಾರರು ಎಂಬುದು ಆಸದ್ ಬೇಗನ ವಾದ. ಅಕ್ಬರ ಆಸದ್ ಬೇಗನ ಮಾತನ್ನು ಮೆಚ್ಚಿಕೊಂಡ. ಆದರೆ ತಾನು ಮಾತ್ರ ಆ ಚಟಕ್ಕೆ ಇಳಿಯಲಿಲ್ಲ. ಸರದಾರರು ಆಸದ್ ಬೇಗನ ಬಳಿ ತಂಬಾಕು ಬೇಡಿ ಪಡೆದರು. ವರ್ತಕರು ಮಾರಾಟಕ್ಕೆ ತಂದರು. ಬಳಕೆ ವೇಗವಾಗಿ ಹರಡಿತು.

ಅದೇ 1604ರಲ್ಲಿ ಇಂಗ್ಲೆಂಡಿನ ಅರಸ ಮೊದಲನೇ ಜೇಮ್ಸ್ ತಂಬಾಕನ್ನು ಖಂಡಿಸಿ ಪುಸ್ತಿಕೆಯನ್ನು ಪ್ರಕಟಿಸಿದ್ದ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ಧೂಮಪಾನವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಎರಡೂ ಫಲಿಸಲಿಲ್ಲ. ಇಬ್ರಾಹಿಂನ ಜೀವಿತ ಕಾಲದಲ್ಲಿಯೇ ತಂಬಾಕು ಆಸ್ಥಾನದ ಅಪರೂಪದ ವಸ್ತುವಾಗಿ ಉಳಿಯದೆ ಪೇಟೆಯ ಸರಕಾಯಿತು.

ಬೀದರ್ ಕೈವಶ, ನವರಸಪುರ ಲೂಟಿ

1619ರಲ್ಲಿ ಇಬ್ರಾಹಿಂ ಬೀದರನ್ನು ಗೆದ್ದು ಬರೀದ್‌ಶಾಹಿ ಮನೆತನದ ಆಳ್ವಿಕೆಯನ್ನು ಕೊನೆಗೊಳಿಸಿದ. ಹೀಗೆ ಬಿದರಿ ಕಲೆಯ ತವರು ಬಿಜಾಪುರದ ರಾಜ್ಯಕ್ಕೆ ಸೇರಿತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಅಥವಾ ಹಿತ್ತಾಳೆಯ ಎಸಳುಗಳನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಮೇಲ್ಮೈಯನ್ನು ಕಪ್ಪಾಗಿಸುವ ಈ ಕಸುಬಿಗೆ 17ನೇ ಶತಮಾನದಿಂದ ಹುಕ್ಕಾದ ಬುರುಡೆ ಮುಖ್ಯ ತಯಾರಿಕೆಗಳಲ್ಲಿ ಒಂದಾಯಿತು. ತಂಬಾಕು ಬಾರದಿದ್ದರೆ ಬಿದರಿಯ ಅತ್ಯುತ್ತಮ ವಸ್ತುಗಳಲ್ಲಿ ಹಲವು ಹುಟ್ಟುತ್ತಲೇ ಇರಲಿಲ್ಲ.

ಇಬ್ರಾಹಿಂನ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. ಅಹಮದ್‌ನಗರದ ರಾಜ್ಯವನ್ನು ಮುನ್ನಡೆಸುತ್ತಿದ್ದ ಹಬ್ಶಿ ಸೇನಾನಿ ಮಲಿಕ್ ಅಂಬರ್ 1624ರಲ್ಲಿ ಭಾತವಡಿಯ ಯುದ್ಧದಲ್ಲಿ ಮೊಗಲ್ ಮತ್ತು ಬಿಜಾಪುರದ ಸೇನೆಗಳನ್ನು ಒಟ್ಟಿಗೆ ಸೋಲಿಸಿದ. ಅನಂತರ ಬಿಜಾಪುರದತ್ತ ನುಗ್ಗಿ ನವರಸಪುರವನ್ನು ಲೂಟಿ ಮಾಡಿದ. ಇಪ್ಪತ್ತೈದು ವರ್ಷಗಳ ಕನಸಿನ ಪಟ್ಟಣ ಮತ್ತೆ ಮೊದಲಿನಂತಾಗಲಿಲ್ಲ. ಬಾಲ್ಯದಲ್ಲಿ ಹಬ್ಶಿ ಸರದಾರರ ಹಿಡಿತದಲ್ಲಿದ್ದ ಅರಸ ಇಳಿವಯಸ್ಸಿನಲ್ಲಿ ಮತ್ತೊಬ್ಬ ಹಬ್ಶಿ ಸೇನಾನಿಯಿಂದಲೇ ಪೆಟ್ಟು ತಿಂದ.

1627ರ ಸೆಪ್ಟೆಂಬರ್‌ನಲ್ಲಿ ಇಬ್ರಾಹಿಂ ತೀರಿಕೊಂಡ. ನಲವತ್ತೇಳು ವರ್ಷಗಳ ದೀರ್ಘ ಆಳ್ವಿಕೆ ಅವನದು. ರಾಣಿ ತಾಜ್ ಸುಲ್ತಾನಳಿಗೆಂದು ಮಲಿಕ್ ಸಂದಲ್‌ನ ಉಸ್ತುವಾರಿಯಲ್ಲಿ ಕಟ್ಟಲಾಗುತ್ತಿದ್ದ ಗೋರಿಯಲ್ಲಿಯೇ ಅವನನ್ನೂ ಇಡಲಾಯಿತು. ಅದೇ ಇಂದಿನ ಇಬ್ರಾಹಿಂ ರೋಜಾ. ಅವನ ಮಗ ಮಹಮ್ಮದನ ಗೋಲಗುಮ್ಮಟಕ್ಕಿಂತ ಗಾತ್ರದಲ್ಲಿ ಚಿಕ್ಕದು, ಕೆತ್ತನೆಯ ನಾಜೂಕಿನಲ್ಲಿ ಅದಕ್ಕಿಂತ ಮಿಗಿಲು. ಉಳಿದುಬಂದಿರುವ ಅವನ ಹೆಸರಾಂತ ಚಿತ್ರವೊಂದರಲ್ಲಿ ಕೈಯಲ್ಲಿರುವುದು ತಂಬೂರು.

ವಯಸ್ಸನ್ನು ಅಳೆಯುವ ಬಗೆ

ಈ ಅರಸನ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಳೆಯ ಹುಕ್ಕಾ, ಪೈಪುಗಳ ವಯಸ್ಸಿನ ಲೆಕ್ಕ ಒಂದಷ್ಟು ಸುಲಭವಾಗುತ್ತದೆ.

ಮೊದಲನೆಯದಾಗಿ, ಕೃಷ್ಣದೇವರಾಯನ ಕಾಲದ ತಂಬಾಕಿನ ಹುಕ್ಕಾ ಎಂಬುದು ಇರಲಾರದು. ಅವನು ತೀರಿಕೊಂಡದ್ದು 1529ರಲ್ಲಿ. ಆಯುರ್ವೇದದ ಗ್ರಂಥಗಳಲ್ಲಿ ಔಷಧಿಯ ಹೊಗೆಯನ್ನು ಸೇದುವ ಧೂಮನೇತ್ರ ಎಂಬ ನಳಿಗೆಯ ವರ್ಣನೆ ಇದೆ ನಿಜ. ಆದರೆ ಅದು ತಂಬಾಕಿನದಲ್ಲ. ನೀರಿನ ಹುಕ್ಕಾವನ್ನು ಕಂಡುಹಿಡಿದವನು ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತಹ್ ಗಿಲಾನಿ ಎಂಬ ಮಾತೂ ಬಹಳ ಪ್ರಚಲಿತ. ಹಕೀಮ್ ತೀರಿಕೊಂಡದ್ದು 1589ರಲ್ಲಿ. ಅಕ್ಬರ ತಂಬಾಕನ್ನು ಕಂಡದ್ದು ಅದಾದ ಹದಿನೈದು ವರ್ಷಗಳ ಮೇಲೆ. ಆಸದ್ ಬೇಗನ ಬರಹದ ಮುಂದಿಟ್ಟಾಗ ಈ ಕಥೆಯನ್ನು ಒಪ್ಪುವುದು ಕಷ್ಟವಾಗುತ್ತದೆ.

ಎರಡನೆಯದು ಆಕಾರ. ಮೊದಮೊದಲು ತೆಂಗಿನ ಚಿಪ್ಪೇ ಹುಕ್ಕಾದ ಬುರುಡೆಯಾಗಿತ್ತು. ಅದೇ ಆಕಾರವನ್ನು ಲೋಹದಲ್ಲಿ ತಂದಾಗ ದುಂಡನೆಯ ಬುರುಡೆ ಬಂದಿತು. ಅದು ನೆಲದ ಮೇಲೆ ಉರುಳದಂತೆ ಸಿಂಬೆಯಂಥ ಬಳೆಯ ಮೇಲೆ ಕೂರಿಸುತ್ತಿದ್ದರು. 17ನೇ ಶತಮಾನ ಹಾಗೂ 18ನೇ ಶತಮಾನದ ಮೊದಲರ್ಧದ ಬುರುಡೆಗಳು ಹೆಚ್ಚಾಗಿ ಈ ಬಗೆಯವು. ಅಗಲ ತಳದ, ಗಂಟೆಯಾಕಾರದ ಬುರುಡೆ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ಕಾಲ ಗೊತ್ತಿರುವ ಚಿತ್ರಗಳಲ್ಲಿ ಕಾಣುವ ಹುಕ್ಕಾಗಳೊಂದಿಗೆ ಹೋಲಿಸಿ ತಜ್ಞರು ಈ ಅನುಕ್ರಮವನ್ನು ಗುರುತಿಸಿದ್ದಾರೆ. ಆದರೆ ಹಳೆಯ ಆಕಾರವನ್ನು ಹೊಸಬರು ಮತ್ತೆ ಎರಕ ಹೊಯ್ಯಬಹುದು. ಆಕಾರ ಒಂದನ್ನೇ ನಂಬುವಂತಿಲ್ಲ.

ಮೂರನೆಯದು ಅಲಂಕಾರ. ಬಿದರಿಯ ಹಳೆಯ ಬುರುಡೆಗಳಲ್ಲಿ ಬಳ್ಳಿ, ಹೂಗಿಡಗಳು ಜೀವಂತವೆಂಬಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಬೆಳ್ಳಿಯ ಜೊತೆ ಹಿತ್ತಾಳೆಯೂ ಇರುವುದುಂಟು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿ ಕಾಣಿಸಿಕೊಂಡಿತು. ಆ ಶತಮಾನದಲ್ಲಿ ಪ್ರದರ್ಶನಕ್ಕೆ, ವಿದೇಶಿ ಮಾರುಕಟ್ಟೆಗೆ ತಯಾರಾದ ವಸ್ತುಗಳಲ್ಲಿ ಜಾಗ ಬಿಡದೆ ತುಂಬಿದ ಪುನರಾವರ್ತಿತ ವಿನ್ಯಾಸಗಳು ಹೆಚ್ಚು. ನಿಜವಾಗಿ ಬಳಕೆಯಾದ ಬುರುಡೆಯಲ್ಲಿ ಕೈ ಹಿಡಿಯುವ ಕಡೆ ಬೆಳ್ಳಿ ಸವೆದಿರುತ್ತದೆ, ತಳ ತಿಕ್ಕಿರುತ್ತದೆ. ಒಂದೇ ಸಮನಾದ ಸವಕಳಿ ಕಂಡರೆ ಅನುಮಾನಿಸುವುದು ಲೇಸು.

ನಗರದ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ವಿಲಾಯತಿ ಪೈಪು. ಅದರ ವಯಸ್ಸನ್ನು ಕಂಡುಹಿಡಿಯುವುದು ಹುಕ್ಕಾಕ್ಕಿಂತ ಸುಲಭ. ಬ್ರಯರ್ ಮರದ ಬೇರುಗಂಟಿನಿಂದ ಪೈಪು ತಯಾರಿಸುವ ಕೆಲಸ ಫ್ರಾನ್ಸಿನ ಸೇಂಟ್ ಕ್ಲೋದ್‌ನಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಬೆಳೆಯಿತು. ಆದ್ದರಿಂದ ಬ್ರಯರ್ ಪೈಪು ಟಿಪ್ಪುವಿನ ಕಾಲದ್ದಾಗಲಾರದು. ಬೆಳ್ಳಿಯ ಪಟ್ಟಿ ಇದ್ದರೆ ಅದರ ಮೇಲಿನ ಇಂಗ್ಲೆಂಡಿನ ಮುದ್ರೆಗಳನ್ನು ಭೂತಗನ್ನಡಿಯಿಂದ ನೋಡಬೇಕು. ಲಂಗರು ಬರ್ಮಿಂಗ್‌ಹ್ಯಾಮ್‌ನ ಗುರುತು, ಚಿರತೆಯ ತಲೆ ಲಂಡನ್ನಿನ ಗುರುತು. ಪಕ್ಕದ ಅಕ್ಷರ ವರ್ಷವನ್ನು ತಿಳಿಸುತ್ತದೆ. ಡನ್‌ಹಿಲ್ ಕಂಪನಿ 1920ರ ದಶಕದಿಂದ ತನ್ನ ಪೈಪುಗಳ ಮೇಲೆ ವರ್ಷ ಸೂಚಿಸುವ ಅಂಕಿಯನ್ನು ಒತ್ತುತ್ತಿತ್ತು. ಒಂದೇ ಅಂಕಿ ಬೇರೆ ಬೇರೆ ದಶಕಗಳಲ್ಲಿ ಮರಳಿ ಬರುವುದರಿಂದ ಪೇಟೆಂಟ್ ಸಂಖ್ಯೆಯಂಥ ಇತರ ಗುರುತುಗಳೊಂದಿಗೆ ತಾಳೆ ನೋಡಬೇಕು.

ಬಿಳಿ ಮಣ್ಣಿನ ಯುರೋಪಿಯನ್ ಪೈಪುಗಳಿಗೂ ಒಂದು ಲೆಕ್ಕವಿದೆ. ಅಮೆರಿಕದ ಪುರಾತತ್ವಜ್ಞ ಜೆ.ಸಿ. ಹ್ಯಾರಿಂಗ್ಟನ್ 1954ರಲ್ಲಿ ಅಂಥ ಪೈಪುಗಳ ನಳಿಗೆಯ ರಂಧ್ರವನ್ನು ಅಳೆದ. 17ನೇ ಶತ­ಮಾನದ ಆರಂಭದಲ್ಲಿ ಅಂಗುಲದ 64ರಲ್ಲಿ 9 ಭಾಗದಷ್ಟಿದ್ದ ರಂಧ್ರ 18ನೇ ಶತಮಾನದ ಕೊನೆಗೆ 64ರಲ್ಲಿ 4 ಭಾಗಕ್ಕೆ ಇಳಿದಿತ್ತು. ನಳಿಗೆ ಉದ್ದವಾದಂತೆ ರಂಧ್ರ ಕಿರಿದಾಯಿತು. ಒಂದೇ ತುಂಡಿಗಿಂತ ಹತ್ತಾರು ತುಂಡುಗಳು ಒಟ್ಟಿಗೆ ಸಿಕ್ಕಾಗ ಈ ವಿಧಾನ ಹೆಚ್ಚು ನಂಬಿಕೆಗೆ ಅರ್ಹ.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಹಳ್ಳಿಗಳ ಮಣ್ಣಿನ ಚಿಲುಮೆ. ಸಾಂಬ್ರಾಣಿಯಂಥ ಊರಿನಲ್ಲಿ ಮಣ್ಣು ಅಗೆಯುವಾಗ ಸಿಕ್ಕ ಚಿಲುಮೆಗೆ ಮುದ್ರೆಯಿಲ್ಲ, ಅಂಕಿಯಿಲ್ಲ. ಕುಂಬಾರನ ಕೈಯಲ್ಲಿ ಅದರ ಆಕಾರ ತಲೆಮಾರುಗಳವರೆಗೆ ಬದಲಾಗದೆ ಉಳಿಯಬಹುದು. ಅದು ಸಿಕ್ಕ ಮಣ್ಣಿನ ಪದರ, ಜೊತೆಯಲ್ಲಿ ಸಿಕ್ಕ ನಾಣ್ಯ, ಬಳೆಚೂರು, ಮಡಕೆಯ ತುಂಡು ಇವುಗಳೇ ಅದರ ಸಾಕ್ಷಿ. ಅವುಗಳಿಂದ ಬೇರ್ಪಡಿಸಿ ಚಿಲುಮೆಯೊಂದನ್ನೇ ಎತ್ತಿಕೊಂಡು ಬಂದರೆ ಅದರ ವಯಸ್ಸು ಅಲ್ಲಿಯೇ ಕಳೆದುಹೋಗುತ್ತದೆ.

ಆಸ್ಥಾನದಿಂದ ಅಂಗಳಕ್ಕೆ

ಇಬ್ರಾಹಿಂ ತೀರಿ ಎರಡು ಶತಮಾನ ಕಳೆಯುವ ಹೊತ್ತಿಗೆ ರತ್ನಖಚಿತ ನಳಿಗೆಯ ವಸ್ತು ಉತ್ತರ ಕರ್ನಾಟಕದ ಕಟ್ಟೆ, ಅಂಗಳಗಳ ಗುಡಗುಡಿಯಾಗಿತ್ತು. ಮುಂಡಗೋಡಕ್ಕೆ ನೆರೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಸಂತ ಶರೀಫರು (1819–1889) ತಮ್ಮ ತತ್ವಪದವೊಂದರಲ್ಲಿ ಗುಡಗುಡಿಯನ್ನೇ ರೂಪಕವಾಗಿ ಬಳಸಿಕೊಂಡರು. ಹಾಡು ಕೇಳುವ ಹಳ್ಳಿಗರಿಗೆ ಅದರ ಒಂದೊಂದು ಭಾಗವೂ ಪರಿಚಿತವಾಗಿದ್ದರಿಂದಲೇ ಅದು ಸಾಧ್ಯವಾಯಿತು. ವಸ್ತುವಿನ ವಯಸ್ಸು ತಿಳಿಯಲು ಲೋಹ, ಮಣ್ಣುಗಳಂತೆ ಹಾಡೂ ಒಂದು ಸಾಕ್ಷಿ.

ಮನೆಯಲ್ಲಿರುವ ಹಳೆಯ ಹುಕ್ಕಾವನ್ನು ಹುಣಸೆಹಣ್ಣಿನಿಂದಲೋ ಪಾಲಿಶಿನಿಂದಲೋ ಉಜ್ಜಿ ಹೊಳಪು ಬರಿಸುವುದು ಅನೇಕರ ಅಭ್ಯಾಸ. ಬಿದರಿಯ ಕಪ್ಪು ಹೋದರೆ ಅದರ ಚರಿತ್ರೆಯೂ ಹೋದಂತೆಯೇ. ಪೈಪಿನ ಒಳಗೆ ಅಂಟಿದ ಹಳೆಯ ಕಿಟ್ಟವನ್ನು ತೊಳೆದುಹಾಕಿದರೆ ಅದರಲ್ಲಿ ಸೇದಿದ್ದು ತಂಬಾಕೋ ಬೇರೆಯದೋ ಎಂಬುದನ್ನು ಪರೀಕ್ಷಿಸುವ ಅವಕಾಶ ತಪ್ಪುತ್ತದೆ. ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ 1972ರ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ಕಲಾವಸ್ತು ಪುರಾತನ ವಸ್ತುವೆನಿಸುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಹಾಗಾಗಿ ತೊಂಬತ್ತೋ ನೂರಹತ್ತೋ ಎಂಬ ಅಂದಾಜು ಬರಿಯ ಕುತೂಹಲದ ಮಾತಲ್ಲ, ಕಾನೂನಿನ ಮಾತೂ ಹೌದು.

ನವರಸಪುರದ ಗೋಡೆಗಳು ಕುಸಿದಿವೆ. ಅಕ್ಬರನಿಗೆ ಕೊಟ್ಟ ಪೈಪು ಕಾಗದದ ಮೇಲಿನ ವರ್ಣನೆಯಾಗಿ ನಮಗೆ ತಲುಪಿದೆ. ಆದರೂ ರಾಯಭಾರಿಯೊಬ್ಬ ತಾನು ಕಂಡದ್ದನ್ನು ಮೊಳ, ಕಲ್ಲು, ಬಣ್ಣಗಳ ಸಮೇತ ಬರೆದಿಟ್ಟಿದ್ದರಿಂದ ನಾಲ್ಕು ಶತಮಾನಗಳ ಅನಂತರವೂ ಅದರ ವಯಸ್ಸಿನಲ್ಲಿ ಸಂಶಯವಿಲ್ಲ. ಮನೆಯ ಕಪಾಟಿನಲ್ಲಿರುವ ವಸ್ತು ಯಾರದ್ದು, ಎಲ್ಲಿಂದ ಬಂದದ್ದು, ಯಾವಾಗ ಕೈ ಬದಲಾಯಿಸಿತು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನವರಿಗೆ ಅಂದಾಜಿನ ಕೆಲಸ ಅಷ್ಟು ಕಡಿಮೆಯಾಗುತ್ತದೆ.